ತಂತ್ರಾಂಶ ಸಮ್ಮೇಳನದ ವೇದಿಕೆ: ಮಾತನಾಡುವವರ ಕಾಯಕದ ಹಿನ್ನೆಲೆ ಏನನ್ನು ಕಲಿಸುತ್ತದೆ?

ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ರಾಜಧಾನಿಯಲ್ಲಿ ಬೆಂಗಳೂರು ಟೆಕ್ ಶೃಂಗಸಭೆ ನಡೆಯುತ್ತದೆ. 1998ರಲ್ಲಿ ‘ಬ್ಯಾಂಗಲೋರ್ ಐಟಿ ಡಾಟ್ ಕಾಮ್’ ಎಂಬ ಹೆಸರಿನಿಂದ ಆರಂಭವಾದ ಮೇಳವೇ ಇಂದು ಈ ರೂಪ ತಳೆದಿದೆ. ತಂತ್ರಾಂಶ ಎಂಜಿನಿಯರಿಂಗ್ ಕ್ಷೇತ್ರದ ವಿದ್ವಾಂಸರಿಗೆಂದೇ ಮೀಸಲಾದ ರಾಷ್ಟ್ರೀಯ ಸಮ್ಮೇಳನವೂ ನಮ್ಮ ನಾಡಿನಲ್ಲಿ ಜರುಗಿದೆ. 2010ರಲ್ಲಿ ಮೈಸೂರು, 2024ರ ಫೆಬ್ರುವರಿಯಲ್ಲಿ ಬೆಂಗಳೂರು ಅದಕ್ಕೆ ಆತಿಥ್ಯ ನೀಡಿದವು. ಇವುಗಳ ಮಾದರಿಯಲ್ಲಿ ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ವಿಚಾರ ಸಂಕಿರಣಗಳು ನಡೆಯುತ್ತಿವೆ. ಕವಲೇದುರ್ಗದ ಸುತ್ತಲಿನ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ನೂರಾರು ಮಕ್ಕಳು ಇಂತಹ ಸಭೆಗಳಲ್ಲಿ ಶ್ರೋತೃಗಳಾಗಿ ಕುಳಿತಿರುತ್ತಾರೆ.

ಈ ಸಭೆಗಳ ಆಹ್ವಾನ ಪತ್ರಿಕೆಗಳಿಗೆ ಒಂದು ನಿಶ್ಚಿತ ರೂಪವಿದೆ. ಭಾಷಣಕಾರರ ಭಾವಚಿತ್ರ, ಹೆಸರು, ಹುದ್ದೆ, ಕಂಪನಿ, ಅನುಭವದ ವರ್ಷಗಳು. ಇದನ್ನು ಓದಿದ ಪಾಲಕರು ಸಾಮಾನ್ಯವಾಗಿ ಎರಡು ನಿರ್ಣಯಗಳಿಗೆ ಬರುತ್ತಾರೆ. ಕಂಪ್ಯೂಟರ್ ಸೈನ್ಸ್ ಶಾಖೆಯಲ್ಲಿ ಓದಿದವರಿಗೆ ಮಾತ್ರ ಭವಿಷ್ಯವಿದೆ ಎಂಬುದು ಮೊದಲನೆಯದು. ತಂತ್ರಾಂಶದ ಬಗ್ಗೆ ಮಾತನಾಡುವ ಅರ್ಹತೆ ಮಹಾನಗರದ ಕಂಪನಿಗಳಲ್ಲಿ ಇರುವವರಿಗೆ ಮಾತ್ರ ಉಂಟು ಎಂಬುದು ಎರಡನೆಯದು. ಒಂದು ಸೀಟಿಗಾಗಿ ಅಡಿಕೆ ತೋಟವನ್ನು ಅಡವಿಡುವ ಕುಟುಂಬಗಳು ನಮ್ಮ ನಡುವೆ ಇರುವಾಗ, ಈ ಎರಡೂ ನಿರ್ಣಯಗಳನ್ನು ಪರಿಶೀಲಿಸದೆ ಬಿಡುವುದು ಉಚಿತವಲ್ಲ.

ಇತಿಹಾಸದತ್ತ ನೋಡೋಣ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರಿಗೆ ಜಗತ್ತಿನಲ್ಲಿ ಮನ್ನಣೆ ತಂದುಕೊಟ್ಟ ಸಮ್ಮೇಳನ 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಪರ್ವತ ಪ್ರದೇಶದ ಊರಿನಲ್ಲಿ ನಡೆಯಿತು. ಅಲ್ಲಿ ಸೇರಿದ್ದವರು ಸುಮಾರು 50 ಮಂದಿ. ಅಧ್ಯಕ್ಷತೆ ವಹಿಸಿದ್ದ ಫ್ರೀಡ್ರಿಕ್ ಬಾವರ್ ಗಣಿತಜ್ಞರು. ಸಮ್ಮೇಳನದ ವರದಿಯನ್ನು ಸಂಪಾದಿಸಿದ ಇಬ್ಬರಲ್ಲಿ ಒಬ್ಬರಾದ ಡೆನ್ಮಾರ್ಕಿನ ಪೀಟರ್ ನೌರ್ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಅಮೆರಿಕದ ಆಲನ್ ಪರ್ಲಿಸ್ ಮೊದಲು ರಸಾಯನಶಾಸ್ತ್ರ, ಬಳಿಕ ಗಣಿತ ಓದಿದವರು. ನೆದರ್ಲೆಂಡ್ಸ್‌ನ ಡೈಕ್‌ಸ್ಟ್ರಾ ಸೈದ್ಧಾಂತಿಕ ಭೌತಶಾಸ್ತ್ರದ ವಿದ್ಯಾರ್ಥಿ. ಇವರಲ್ಲಿ ಯಾರೂ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲ.

1957ರಲ್ಲಿ ಡೈಕ್‌ಸ್ಟ್ರಾ ಅವರು ವಿವಾಹ ನೋಂದಣಿಯ ಸಂದರ್ಭದಲ್ಲಿ ತಮ್ಮ ವೃತ್ತಿ ‘ಪ್ರೋಗ್ರಾಮರ್’ ಎಂದು ಬರೆದಾಗ, ಅಂತಹ ವೃತ್ತಿಯೇ ಇಲ್ಲವೆಂದು ಆಮ್ಸ್ಟರ್‌ಡ್ಯಾಮ್ ನಗರದ ಅಧಿಕಾರಿಗಳು ಅದನ್ನು ನಿರಾಕರಿಸಿದರು. ಕೊನೆಗೆ ಭೌತಶಾಸ್ತ್ರಜ್ಞ ಎಂದೇ ದಾಖಲಿಸಬೇಕಾಯಿತು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ಅವರೇ ವಿವರಿಸಿದ್ದಾರೆ. ಚಂದ್ರಯಾನ ಕೈಗೊಂಡ ಅಪೊಲೊ ನೌಕೆಯ ತಂತ್ರಾಂಶ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಅವರೂ ಗಣಿತದ ಪದವೀಧರೆ. ಅದಕ್ಕೆ ಮುನ್ನ ಹವಾಮಾನ ಮುನ್ಸೂಚನೆಗಾಗಿ ಪ್ರೋಗ್ರಾಮ್ ಬರೆಯುತ್ತಿದ್ದರು.

ಇದರಿಂದ ಕ್ರಮಬದ್ಧ ಶಿಕ್ಷಣ ಅನಗತ್ಯವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅಂದು ಕಲಿಯಲು ಕಂಪ್ಯೂಟರ್ ವಿಭಾಗಗಳೇ ಇರಲಿಲ್ಲ. ಆ ಹಿರಿಯರೇ ಅವುಗಳನ್ನು ಕಟ್ಟಿದರು. ನಮ್ಮ ದೇಶದಲ್ಲಿ ಆ ಕಾರ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ಓದಿದ ಅವರು 1960ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ರೂಪಿಸಿದರು. ಅವರು ಬರೆದ ಪಠ್ಯಪುಸ್ತಕಗಳಿಂದ ಹಲವು ತಲೆಮಾರುಗಳು ಕಲಿತಿವೆ. ಆದ್ದರಿಂದ ಇಲ್ಲಿ ಗ್ರಹಿಸಬೇಕಾದ ತತ್ತ್ವ ಬೇರೆ. ತಂತ್ರಾಂಶವೆಂಬುದು ಎಂದಿಗೂ ಮತ್ತೊಂದು ಕೆಲಸದ ಸೇವೆಗಾಗಿ ಇರುವ ವಸ್ತು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಹೊಲದ ಪಹಣಿ ಇವುಗಳ ಒಳಮರ್ಮ ತಿಳಿಯದೆ ಬರೆದ ಪ್ರೋಗ್ರಾಮ್ ದೋಷವಿಲ್ಲದೆ ಓಡಬಹುದು, ಆದರೆ ಉಪಯೋಗಕ್ಕೆ ಬಾರದು.

ಕನ್ನಡ ಭಾಷೆಯೇ ಇದಕ್ಕೆ ಅತ್ಯುತ್ತಮ ಸಾಕ್ಷಿ. ಇಂದು ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬಳಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರು, ಮುಂಬಯಿಯ ಅಣುಶಕ್ತಿ ಸಂಸ್ಥೆಯಲ್ಲಿ ವೃತ್ತಿ ಆರಂಭಿಸಿ ಬಳಿಕ ಮುದ್ರಣ ಕ್ಷೇತ್ರಕ್ಕೆ ಬಂದವರು. ಸಿಂಧೂ ಲಿಪಿಯ ಅಧ್ಯಯನದಲ್ಲಿಯೂ ಆಸಕ್ತರು. ಕಾಗುಣಿತದ ಪ್ರತಿಯೊಂದು ರೂಪಕ್ಕೂ ಬೇರೆ ಕೀಲಿ ಬೇಕಿಲ್ಲ, ವ್ಯಂಜನ ಮತ್ತು ಸ್ವರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಸಾಕು ಎಂಬ ಸರಳ ವಿಧಾನ, ಅಕ್ಷರದ ರೂಪವನ್ನೂ ನಾದವನ್ನೂ ಬಲ್ಲವರಿಗೆ ಹೊಳೆಯುವಂತಹದು. 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಡಾ. ಯು. ಬಿ. ಪವನಜ ಅವರು ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ರಸಾಯನಶಾಸ್ತ್ರಜ್ಞರು.

ಮೂರನೆಯವರು ನಮ್ಮ ತೀರ್ಥಹಳ್ಳಿ ಸೀಮೆಗೇ ಸಂಬಂಧಿಸಿದವರು. ಕುಪ್ಪಳಿಯ ಕುವೆಂಪು ಅವರ ಪುತ್ರ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡ ಎಂ.ಎ. ಓದಿ, ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಸಾಹಿತ್ಯ ರಚಿಸಿದವರು. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಭದ್ರವಾದ ನೆಲೆ ಸಿಗದಿದ್ದರೆ ಭಾಷೆಯೇ ಹಿಂದೆ ಬೀಳುವುದೆಂದು ತಮ್ಮ ಕೊನೆಯ ವರ್ಷಗಳಲ್ಲಿ ನಿರಂತರವಾಗಿ ಎಚ್ಚರಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು. ಇಂದಿನ ಆಹ್ವಾನ ಪತ್ರಿಕೆಯ ಅಳತೆಗೋಲಿನಿಂದ ನೋಡಿದರೆ, ಒಬ್ಬ ಕಾಫಿ ಬೆಳೆಗಾರನಿಗೆ ತಂತ್ರಾಂಶ ಸಮ್ಮೇಳನದ ವೇದಿಕೆಯಲ್ಲಿ ಸ್ಥಾನವೇ ದೊರೆಯುತ್ತಿರಲಿಲ್ಲ.

ಶರಣ ಪರಂಪರೆಯವರಾದ ನಮಗೆ ಇದು ಅಪರಿಚಿತ ವಿಚಾರವಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ, ವೈದ್ಯ ಸಂಗಣ್ಣ, ಆಯ್ದಕ್ಕಿ ಲಕ್ಕಮ್ಮ ಎಂಬಂತೆ ಅನುಭವ ಮಂಟಪದ ಸದಸ್ಯರನ್ನು ನಾವು ಇಂದಿಗೂ ಅವರ ಕಾಯಕದೊಂದಿಗೇ ಸ್ಮರಿಸುತ್ತೇವೆ. ಶೂನ್ಯ ಪೀಠದ ಅಧ್ಯಕ್ಷರಾದ ಅಲ್ಲಮಪ್ರಭುಗಳು ನಮ್ಮದೇ ಜಿಲ್ಲೆಯ ಬಳ್ಳಿಗಾವಿಯವರು. ಹರಿಹರ ಕವಿಯ ರಗಳೆ ಅವರನ್ನು ಮದ್ದಳೆಗಾರರಾಗಿ ಚಿತ್ರಿಸುತ್ತದೆ. ಅಲ್ಲಿ ವೃತ್ತಿಯ ಹೆಸರು ಅಧಿಕಾರವನ್ನು ಸೂಚಿಸುತ್ತಿರಲಿಲ್ಲ. ಈತ ಇಂತಹ ಕೆಲಸ ಮಾಡಿ ಬಲ್ಲವನು, ಆದ್ದರಿಂದ ಇವನ ಮಾತಿಗೆ ತೂಕವಿದೆ ಎಂಬುದನ್ನು ಸೂಚಿಸುತ್ತಿತ್ತು.

ಈ ದೃಷ್ಟಿಯಿಂದ ಇಂದಿನ ವೇದಿಕೆಗಳಲ್ಲಿ ಯಾರು ಕಾಣುತ್ತಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಬಹುದು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಈ ಕಾರ್ಯ ದೇಶಕ್ಕೇ ಮಾದರಿಯೆನಿಸಿತು. ಕೈಬರಹದ ಪಹಣಿ ನಿಂತು, ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ದೊರೆಯುವಂತಾದದ್ದು ರೈತರಿಗಾದ ದೊಡ್ಡ ಉಪಕಾರ. ಆದರೆ ಮಾಲೀಕ, ಸರ್ವೆ ನಂಬರ್, ವಿಸ್ತೀರ್ಣ ಎಂಬ ಕೋಷ್ಟಕದೊಳಗೆ ಮಲೆನಾಡಿನ ಭೂಮಿ ಸುಲಭವಾಗಿ ಕೂರುವುದಿಲ್ಲ. ಸೊಪ್ಪಿನಬೆಟ್ಟದಲ್ಲಿ ತೋಟದವರಿಗೆ ಸೊಪ್ಪು, ದರಗು ತರುವ ಸವಲತ್ತು ಉಂಟು, ಒಡೆತನವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆಮಠ ಕಳೆದುಕೊಂಡು ಕಾಡಂಚಿಗೆ ಬಂದವರಲ್ಲಿ ಅನೇಕರಿಗೆ ಬದುಕಿದ ನೆಲವಿದ್ದರೂ ಹಕ್ಕುಪತ್ರದ ಪ್ರಶ್ನೆ ದಶಕಗಳ ಕಾಲ ಬಗೆಹರಿಯಲಿಲ್ಲ. ಹಿನ್ನೀರಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಸ್ಥಿತಿಯಲ್ಲಿ, ಒಟಿಪಿ ಬಂದರೆ ಮಾತ್ರ ತೆರೆದುಕೊಳ್ಳುವ ಸೇವೆಯಿಂದ ಪ್ರಯೋಜನವೇನು?

ಈ ಸೂಕ್ಷ್ಮಗಳನ್ನು ಬಲ್ಲವರು ಗ್ರಾಮ ಲೆಕ್ಕಾಧಿಕಾರಿ, ಸಹಕಾರ ಸಂಘದ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಅಡಿಕೆ ಮಂಡಿಯ ಲೆಕ್ಕಿಗ. ಕವಲೇದುರ್ಗದ ಕೋಟೆಗೋಡೆಗಳು ಬೆಟ್ಟದ ಏರಿಳಿತವನ್ನೂ ಬಂಡೆಗಳನ್ನೂ ಅನುಸರಿಸಿ ಸಾಗುತ್ತವೆ. ನೆಲವನ್ನು ಬಲ್ಲವರ ಕೈ ಅಲ್ಲಿ ಕಾಣುತ್ತದೆ. ತಂತ್ರಾಂಶಕ್ಕೂ ಅದೇ ನಿಯಮ.

ಆದಕಾರಣ ಮೂರು ವಿಷಯಗಳನ್ನು ಭಕ್ತಬಂಧುಗಳ ಗಮನಕ್ಕೆ ತರಬಯಸುತ್ತೇವೆ. ಒಂದು, ಸಂಕಿರಣಕ್ಕೆ ಹೋಗುವ ವಿದ್ಯಾರ್ಥಿಗಳು ಭಾಷಣಕಾರರ ಹುದ್ದೆಯನ್ನು ನೋಡಿ ಬೆರಗಾಗುವ ಬದಲು, ಅವರು ಸ್ವತಃ ಏನನ್ನು ಕಟ್ಟಿದರು, ಅದನ್ನು ಯಾರು ಬಳಸುತ್ತಿದ್ದಾರೆ, ಎಲ್ಲಿ ಸೋತು ಏನು ಕಲಿತರು ಎಂದು ವಿನಯದಿಂದ ಪ್ರಶ್ನಿಸಲಿ. ಎರಡು, ನಮ್ಮ ಭಾಗದ ಕಾಲೇಜುಗಳು ಸಂಕಿರಣ ಏರ್ಪಡಿಸುವಾಗ ತಂತ್ರಾಂಶವನ್ನು ದಿನನಿತ್ಯ ಬಳಸಿ ಕಷ್ಟಸುಖ ಕಂಡ ಒಬ್ಬರಿಗಾದರೂ ತಜ್ಞರ ಸಮಾನ ಆಸನ ನೀಡಲಿ. ಮೂರು, ಪಾಲಕರು ಶಾಖೆಯ ಹೆಸರಿಗಾಗಿ ಶಕ್ತಿಮೀರಿ ಸಾಲ ಮಾಡದಿರಲಿ. ಸಿವಿಲ್, ಕೃಷಿ ವಿಜ್ಞಾನ, ಗಣಿತ, ಭಾಷೆ ಯಾವುದನ್ನೇ ಓದಿದ ಮಗು, ಆ ವಿಷಯವನ್ನು ಆಳವಾಗಿ ಅರಿತು ಪ್ರೋಗ್ರಾಮಿಂಗ್ ಅನ್ನೂ ಶ್ರದ್ಧೆಯಿಂದ ಕಲಿತರೆ, ಈ ಕ್ಷೇತ್ರದ ಬಾಗಿಲು ಅದಕ್ಕೆ ಮುಚ್ಚಿಲ್ಲ.

ಕಾಯಕದಿಂದ ಬಂದ ಅರಿವಿಗೆ ಸಭೆಯಲ್ಲಿ ಗೌರವ ಕೊಡುವುದು ನಮ್ಮ ಹಿರಿಯರು ಎಂಟು ಶತಮಾನಗಳ ಹಿಂದೆಯೇ ನಡೆಸಿ ತೋರಿಸಿದ ಕ್ರಮ. ತಂತ್ರಜ್ಞಾನದ ಸಭೆಗಳೂ ಅದನ್ನು ಅನುಸರಿಸಿದರೆ ಅವುಗಳ ಫಲ ಮಲೆನಾಡಿನ ಮನೆಬಾಗಿಲಿಗೂ ತಲುಪೀತು.