ಆರು ಮನೆಗಳೂ ಒಂದು ಗಣಿಯೂ

ಮಗನ ಮನೆಗೋ ಮಗಳ ಮನೆಗೋ ಎಂದು ಇಂಗ್ಲೆಂಡಿಗೆ ಹೋಗಿಬರುವ ವಾಚಕರು ನಮ್ಮಲ್ಲಿ ಅನೇಕರುಂಟು. ಅಂಥವರು ಮೊಮ್ಮಕ್ಕಳನ್ನು ಕರೆದುಕೊಂಡು ನೆರೆಯ ವೇಲ್ಸ್ ದೇಶಕ್ಕೆ ಹೋದರೆ ಸಾಮಾನ್ಯವಾಗಿ ಕೋಟೆಗಳನ್ನು ನೋಡಿ ಹಿಂದಿರುಗುವರು. ಕೋಟೆಗಳು ಭವ್ಯವಾಗಿವೆ, ಸಂದೇಹವಿಲ್ಲ. ಆದರೆ ಕಾಯರ್ನಾರ್ವನ್ ಮೊದಲಾದ ಹೆಸರಾಂತ ಕೋಟೆಗಳನ್ನು ಕಟ್ಟಿಸಿದವನು ಆ ದೇಶವನ್ನು ಗೆದ್ದ ಇಂಗ್ಲಿಷ್ ದೊರೆ ಮೊದಲನೆಯ ಎಡ್ವರ್ಡ್. 1283ರಲ್ಲಿ ಕಾಯರ್ನಾರ್ವನ್ನಿನಲ್ಲಿ ಏಳತೊಡಗಿದ ಗೋಡೆಗಳು ಹೇಳುವುದು ಗೆದ್ದವನ ಕಥೆಯನ್ನು. ಉಳಿದ ಜನರು ಹೇಗೆ ಬಾಳಿದರು, ಹೇಗೆ ದುಡಿದರು, ಮಕ್ಕಳನ್ನು ಹೇಗೆ ಸಾಕಿದರು ಎಂಬುದನ್ನು ತೋರಿಸಬೇಕಾದರೆ ದಕ್ಷಿಣ ವೇಲ್ಸಿನ ಎರಡು ಸ್ಥಳಗಳಿಗೆ ಹೋಗಬೇಕು. ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಆತುರ ಬೇಡ.

ಮೊದಲನೆಯದು ಕಾರ್ಡಿಫ್ ನಗರದ ಪಶ್ಚಿಮದ ಅಂಚಿನಲ್ಲಿರುವ ಸೇಂಟ್ ಫ್ಯಾಗನ್ಸ್. 1948ರಲ್ಲಿ ತೆರೆದ ಈ ಬಯಲು ವಸ್ತುಸಂಗ್ರಹಾಲಯದಲ್ಲಿ 40ಕ್ಕೂ ಹೆಚ್ಚು ಕಟ್ಟಡಗಳಿವೆ. ದೇಶದ ನಾನಾ ಮೂಲೆಗಳಲ್ಲಿದ್ದ ಹಳೆಯ ಮನೆ, ದೇವಾಲಯ, ಅಂಗಡಿಗಳನ್ನು ಬಿಚ್ಚಿ ತಂದು ಇಲ್ಲಿ ಪುನಃ ನಿಲ್ಲಿಸಿರುವರು. ಪ್ರವೇಶಕ್ಕೆ ಹಣವಿಲ್ಲ. ಎಲ್ಲವನ್ನೂ ನೋಡಹೊರಟರೆ ಕಾಲು ಸೋಲುವುದು. ಗೃಹಿಣಿಯರು ನೇರವಾಗಿ ರೀಡ್-ಅ-ಕಾರ್ ಎಂಬ ಮನೆಗಳ ಸಾಲಿಗೆ ಹೋಗಲಿ. ಸುಮಾರು 1795ರಲ್ಲಿ ಮರ್ಥರ್ ಟಿಡ್‌ವಿಲ್ ಊರಿನಲ್ಲಿ ಕಬ್ಬಿಣದ ಅದುರನ್ನು ಅಗೆಯುವ ಕೂಲಿಗಳಿಗಾಗಿ ಕಟ್ಟಿದ ಪುಟ್ಟ ಮನೆಗಳಿವು. ಆರು ಮನೆಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಒಳಗೆ ಮಾತ್ರ ಕಾಲವೇ ಬೇರೆ: ಮೊದಲನೆಯದನ್ನು 1805ರ ಸಂಸಾರದಂತೆ ಅಣಿಗೊಳಿಸಿರುವರು, ಮುಂದಿನವು ಕ್ರಮವಾಗಿ 1855, 1895, 1925, 1955, 1985ರವು. ಹತ್ತು ಹೆಜ್ಜೆ ನಡೆದರೆ ಐವತ್ತು ವರ್ಷ ಕಳೆಯಿತೆನ್ನಬಹುದು! ಬರಿದಾದ ಕೋಣೆಯಿಂದ ಹೊರಟು ಟೆಲಿವಿಷನ್ ಇರುವ ಕೋಣೆಗೆ ಬಂದು ನಿಲ್ಲುವೆವು. ಅರಸರ ಪಟ್ಟಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಹೊಳೆಯದ ಎಷ್ಟೋ ಸಂಗತಿಗಳು ಒಲೆಯಿಂದ ಒಲೆಗೆ ನಡೆದ ಮಗುವಿಗೆ ಹೊಳೆಯುವುವು.

ಅಲ್ಲಿಯೇ ಒಂದು ಹಳ್ಳಿಯ ಶಾಲೆಯೂ ಉಂಟು. ಅದರೊಳಗೆ ನಿಂತಾಗ ಮಕ್ಕಳಿಗೆ ಇದನ್ನು ಹೇಳಬೇಕು: ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಹಲವು ಶಾಲೆಗಳಲ್ಲಿ ತಾಯ್ನುಡಿಯಲ್ಲಿ ಮಾತನಾಡಿದ ಹುಡುಗನ ಕೊರಳಿಗೆ ಮರದ ತುಂಡೊಂದನ್ನು ತೂಗಹಾಕುತ್ತಿದ್ದರು. ಅವನು ಮತ್ತೊಬ್ಬನ ಬಾಯಿಂದ ಅದೇ ನುಡಿಯನ್ನು ಕೇಳಿದರೆ ತುಂಡು ಆ ಮತ್ತೊಬ್ಬನಿಗೆ ಹೋಗುವುದು. ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಶಿಕ್ಷೆ. ಇಷ್ಟಾದರೂ ಆ ಭಾಷೆ ಉಳಿದಿರುವುದು.

ಎರಡನೆಯ ಸ್ಥಳ ಬ್ಲೈನಾವನ್ ಊರಿನ ಬಿಗ್ ಪಿಟ್ ಎಂಬ ಕಲ್ಲಿದ್ದಲ ಗಣಿ. 1980ರಲ್ಲಿ ಕೆಲಸ ನಿಂತುಹೋದ ಈ ಗಣಿಯನ್ನು 1983ರಲ್ಲಿ ಸಂದರ್ಶಕರಿಗೆ ತೆರೆದರು. ತಲೆಗೆ ಗಟ್ಟಿಟೋಪಿಯನ್ನೂ ಅದರ ಮೇಲೆ ದೀಪವನ್ನೂ ತೊಡಿಸಿ, ಪಂಜರದಲ್ಲಿ ನಿಲ್ಲಿಸಿ 300 ಅಡಿ ಕೆಳಗಿಳಿಸುವರು. ಬೆಂಕಿಕಡ್ಡಿ, ದೂರವಾಣಿ, ವಿದ್ಯುತ್ಕೋಶದ ಗಡಿಯಾರ ಮೊದಲಾದುವನ್ನು ಮೇಲೆಯೇ ಒಪ್ಪಿಸಬೇಕು. ಕಲ್ಲಿದ್ದಲಿನಿಂದ ಹೊರಬರುವ ಅನಿಲಕ್ಕೆ ಒಂದು ಕಿಡಿ ಸಾಕು. ಒಂದು ಮೀಟರಿಗಿಂತ ಕುಳ್ಳಾದ ಮಕ್ಕಳನ್ನು ಇಳಿಸುವುದಿಲ್ಲ. ಕೆಳಗೆ ಚಳಿಯಿರುವುದರಿಂದ ಬೆಚ್ಚನೆಯ ಉಡುಪೂ ಗಟ್ಟಿ ಪಾದರಕ್ಷೆಯೂ ಇರಲಿ.

ಒಳಗೆ ಕುದುರೆಗಳ ಲಾಯವುಂಟು, ಸುರಂಗಕ್ಕೆ ಅಡ್ಡಲಾಗಿ ಮರದ ಬಾಗಿಲುಗಳುಂಟು. ಗಾಳಿಯು ಬೇಕಾದ ದಾರಿಯಲ್ಲೇ ಹರಿಯುವಂತೆ ಈ ಬಾಗಿಲುಗಳು ಸದಾ ಮುಚ್ಚಿರಬೇಕು. ಬಂಡಿ ಬಂದಾಗ ಮಾತ್ರ ತೆರೆಯಬೇಕು. ಹಿಂದೆ ಗಣಿಗಳಲ್ಲಿ ಈ ಕೆಲಸಕ್ಕೆ ಆರೇಳು ವರ್ಷದ ಮಕ್ಕಳನ್ನು ಕೂರಿಸುತ್ತಿದ್ದರು. ದಿನವೆಲ್ಲ ಕತ್ತಲೆ, ಕೈಯಲ್ಲಿ ಒಂದು ಹಗ್ಗ. ದೀಪಗಳನ್ನು ಆರಿಸಿರೆಂದು ಮಾರ್ಗದರ್ಶಿಯು ಹೇಳಿದಾಗ ಆ ಕತ್ತಲೆ ಎಂಥದೆಂಬುದು ತಿಳಿಯುವುದು. ಕಣ್ಣ ಮುಂದೆ ಹಿಡಿದ ಸ್ವಂತ ಕೈಯೂ ಕಾಣದು. ಹತ್ತು ವರ್ಷ ತುಂಬದ ಹುಡುಗರನ್ನೂ, ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಭೂಮಿಯೊಳಗೆ ದುಡಿಸಬಾರದೆಂಬ ಕಾಯಿದೆ ಬಂದದ್ದು 1842ರಲ್ಲಿ.

ಮೇಲೆ ಬಂದ ಬಳಿಕ ಸ್ನಾನಗೃಹವನ್ನು ನೋಡದೆ ಹೊರಡಬಾರದು. ಅದು 1939ರಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ ಗಂಡಸರು ಮಸಿ ಮೆತ್ತಿದ ಮೈಯಲ್ಲೇ ಮನೆಗೆ ಬರುವರು. ಅಡುಗೆಯ ಬೆಂಕಿಯ ಮೇಲೆ ನೀರು ಕಾಯಿಸಿ, ಅದರ ಮುಂದೆಯೇ ತೊಟ್ಟಿಯಲ್ಲಿ ಅವರಿಗೆ ಸ್ನಾನ ಮಾಡಿಸುವ ಕೆಲಸ ಮನೆಯ ಹೆಂಗಸರದು. ಗಂಡನೂ ಮೂವರು ಮಕ್ಕಳೂ ಗಣಿಗೆ ಹೋಗುವ ಮನೆಯಾದರೆ ದಿನಕ್ಕೆ ನಾಲ್ಕು ಸ್ನಾನ.