ಪತ್ರಿಕೆಯ ಅಭಿಪ್ರಾಯ ಮತ್ತು ವಿದ್ಯಾರ್ಥಿಯ ಉತ್ತರ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಎರಡು ವಾರಗಳ ನಂತರ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳು ಮಣ್ಣಿನಡಿ ಸಿಲುಕಿದವು. ಮರುದಿನವೇ ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳ ಬಗ್ಗೆ ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತು. ಸೆಪ್ಟೆಂಬರ್ 26ರಂದು ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ಈ ಅವಧಿಯಲ್ಲಿ ಪತ್ರಿಕೆಗಳ ಅಭಿಪ್ರಾಯ ಪುಟಗಳು ತುಂಬಿ ತುಳುಕಿದವು. ವರದಿ ಜಾರಿಯಾದರೆ ರೈತ ಬೀದಿಗೆ ಬೀಳುತ್ತಾನೆ ಎಂಬುದು ಒಂದು ವಾದ; ಜಾರಿಯಾಗದಿದ್ದರೆ ಘಟ್ಟವೇ ಉಳಿಯದು ಎಂಬುದು ಇನ್ನೊಂದು. ಮಲೆನಾಡಿನ ವಿದ್ಯಾರ್ಥಿಗಳು ಈ ಎರಡನ್ನೂ ಓದಿದರು. ಅವರು ಏನು ಯೋಚಿಸಿದರು ಎಂದು ಕೇಳಿದವರು ಮಾತ್ರ ವಿರಳ.

ನಮ್ಮ ಶಾಲಾ ಕಾಲೇಜುಗಳಲ್ಲಿ ವಿವಾದಿತ ವಿಷಯಗಳಿಗೆ ಇರುವ ಸ್ಥಳವೆಂದರೆ ಚರ್ಚಾಸ್ಪರ್ಧೆ. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ವಿದ್ಯಾರ್ಥಿಯು ಒಪ್ಪಿಸಿದ ವಾದವನ್ನು ಬಾಯಿಪಾಠ ಮಾಡಿ, ಗಂಟೆ ಬಾರಿಸುವುದರೊಳಗೆ ಮುಗಿಸಿ, ಬಹುಮಾನ ಪಡೆದು ಮನೆಗೆ ಮರಳುತ್ತಾನೆ. ವಾಕ್ಚಾತುರ್ಯ ಬೆಳೆಯುತ್ತದೆ, ನಿಜ. ಆದರೆ ಸ್ವಂತ ಊರಿನ ಪ್ರಶ್ನೆಗೆ ಸ್ವಂತ ಉತ್ತರ ಕಂಡುಕೊಳ್ಳುವ ಅಭ್ಯಾಸ ಅದರಿಂದ ಹುಟ್ಟುವುದಿಲ್ಲ.

ಇದಕ್ಕಿಂತ ಉಪಯುಕ್ತವಾದದ್ದು ಒಂದು ಸಾಧಾರಣ ನೋಟುಪುಸ್ತಕ. ಅಧಿಸೂಚನೆಯ ಪಟ್ಟಿಯಲ್ಲಿ ಹೆಸರಿರುವ ಹಳ್ಳಿಯ ಪದವಿಪೂರ್ವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಆಕೆ ಪ್ರತಿ ಲೇಖನಕ್ಕೂ ಪುಟವನ್ನು ಮೂರು ಭಾಗ ಮಾಡುತ್ತಾಳೆ: ಲೇಖಕರು ಹೇಳಿದ್ದು, ತನಗೆ ಅನ್ನಿಸಿದ್ದು, ತಾನು ಪರಿಶೀಲಿಸಿದ್ದು. ಮೊದಲೆರಡು ಭಾಗಗಳು ಯಾರಿಗೂ ಸುಲಭ. ಅಭಿಪ್ರಾಯವೊಂದು ತನ್ನದಾಗುವುದು ಮೂರನೆಯ ಭಾಗ ತುಂಬಿದಾಗ.

‘ತೋಟ ಮಾಡುವುದನ್ನೇ ನಿಲ್ಲಿಸುತ್ತಾರೆ’ ಎಂಬ ಲೇಖನ ಆಕೆಯ ಕೈಗೆ ಬಂತೆನ್ನೋಣ. ಮೂಲ ಕರಡನ್ನು ಓದಿದರೆ ನಿಷೇಧದ ಪಟ್ಟಿಯಲ್ಲಿ ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ಗಣಿಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ‘ಕೆಂಪು’ ವರ್ಗದ ಹೊಸ ಕೈಗಾರಿಕೆ ಹಾಗೂ 20,000 ಚದರ ಮೀಟರಿಗೂ ಮೇಲ್ಪಟ್ಟ ಕಟ್ಟಡಗಳು ಸಿಗುತ್ತವೆ. ಕೃಷಿ, ತೋಟಗಾರಿಕೆ ಆ ಪಟ್ಟಿಯಲ್ಲಿಲ್ಲ. ಇರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆಗೆ ಚಾಲ್ತಿಯಲ್ಲಿರುವ ಕಾನೂನುಗಳ ಹೊರತು ಬೇರೆ ಅಡ್ಡಿ ಒಡ್ಡಿಲ್ಲ. ಇಷ್ಟನ್ನು ಆಕೆ ಮೂರನೆಯ ಭಾಗದಲ್ಲಿ ಬರೆದರೆ ಆ ಲೇಖನದ ಅರ್ಧ ಬಲ ಕುಗ್ಗುತ್ತದೆ.

ಪರಿಸರದ ಪರವಾದ ಲೇಖನಗಳಿಗೂ ಇದೇ ಒರೆಗಲ್ಲು ಸಲ್ಲಬೇಕು. ‘ಹಳ್ಳಿಗರ ದುರಾಸೆಯೇ ಅಡ್ಡಿ’ ಎಂದು ನಗರದಿಂದ ಬರೆದವರ ಮಾತು ಮೂರನೆಯ ಭಾಗವನ್ನು ದಾಟಲಾರದು. 2013ರ ಕಸ್ತೂರಿರಂಗನ್ ವರದಿಯು ಉಪಗ್ರಹ ಚಿತ್ರಗಳನ್ನು ಆಧರಿಸಿ, ಶೇ. 20 ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡ ಗ್ರಾಮಗಳನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ಅಂದರೆ ಊರಿನ ಬಹುಭಾಗ ಗದ್ದೆ, ತೋಟವಾಗಿದ್ದರೂ ಅದು ಪಟ್ಟಿಯೊಳಗೆ ಬರಬಹುದು. ಕರ್ನಾಟಕದಲ್ಲಿ ಗುರುತಿಸಿದ 20,668 ಚದರ ಕಿ.ಮೀ. ಪ್ರದೇಶದಲ್ಲಿ ಒಂದೂವರೆ ಸಾವಿರದಷ್ಟು ಗ್ರಾಮಗಳಿವೆ. ಸೊಪ್ಪಿನಬೆಟ್ಟ, ಕುಮ್ಕಿ, ಬಾಣೆಯಂಥ ಭೂಮಿಗಳ ಮೇಲಿನ ಬಳಕೆಯ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಂ ಮಾನ್ಯ ಮಾಡಿದೆ. ಬಾನಿನಿಂದ ತೆಗೆದ ಚಿತ್ರ ಮರಗಳ ಹೊದಿಕೆಯನ್ನು ತೋರಿಸೀತು. ಆ ಬೆಟ್ಟದ ಸೊಪ್ಪು ಯಾವ ತೋಟದ ಗೊಬ್ಬರವಾಗುತ್ತದೆ ಎಂಬುದನ್ನು ತೋರಿಸದು. ಹಾಗೆಯೇ, 2011ರ ಗಾಡ್ಗೀಳ್ ಸಮಿತಿಯು ಅತಿಸೂಕ್ಷ್ಮ ವಲಯದಲ್ಲಿ ಐದು ವರ್ಷಗಳೊಳಗೆ ರಾಸಾಯನಿಕ ಪೀಡೆನಾಶಕಗಳನ್ನು ಕೈಬಿಡಬೇಕೆಂದು ಸಲಹೆ ಮಾಡಿತ್ತು. ಮಳೆಗಾಲದಲ್ಲಿ ಕೊಳೆರೋಗದಿಂದ ಅಡಿಕೆ ಉದುರುವುದನ್ನು ಕಂಡ ರೈತ, ಪರ್ಯಾಯವೇನು, ಅದರ ಖರ್ಚು ಯಾರದು ಎಂದು ಕೇಳಿದರೆ ಅದು ಅಡ್ಡಿಯ ಮಾತಾಗುವುದಿಲ್ಲ. ಚಳವಳಿಯು ಉತ್ತರಿಸಲೇಬೇಕಾದ ಪ್ರಶ್ನೆಯದು.

ಪರಿಶೀಲನೆ ಕಾಗದದಲ್ಲೇ ಮುಗಿಯಬೇಕಿಲ್ಲ. ‘ಅತಿವೃಷ್ಟಿಯೇ ಭೂಕುಸಿತಕ್ಕೆ ಕಾರಣ’ ಎಂಬ ಲೇಖನವನ್ನು ಓದಿದ ವಿದ್ಯಾರ್ಥಿನಿ ತನ್ನೂರಿನ ಜರಿದ ಧರೆಯ ಬಳಿ ಹೋಗಿ ನೋಡಬಹುದು. ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿ ಒತ್ತಡ ಏರಿದಾಗ ಮಣ್ಣಿನ ಹಿಡಿತ ಸಡಿಲುತ್ತದೆ. ರಸ್ತೆಗಾಗಿಯೋ ಮನೆಗಾಗಿಯೋ ಗುಡ್ಡದ ಬುಡ ಕಡಿದಿದ್ದರೆ ಆಧಾರವೂ ಇಲ್ಲವಾಗುತ್ತದೆ. ಕುಸಿದ ಜಾಗದ ಕೆಳಗೆ ಜೆಸಿಬಿಯ ಗುರುತಿದೆಯೇ, ಮೇಲಿನ ಹಳ್ಳದ ದಾರಿ ಮುಚ್ಚಿದೆಯೇ, ಪಕ್ಕದ ಕಡಿಯದ ಇಳಿಜಾರು ಅದೇ ಮಳೆಗೆ ನಿಂತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ, ಆಕೆಯ ಪುಟದಲ್ಲಿ ಆ ಲೇಖನದಲ್ಲಿಲ್ಲದ ತಿಳಿವು ಸೇರುತ್ತದೆ.

ಇಂಥ ಬರವಣಿಗೆಗೆ ಮನೆಯಲ್ಲೇ ಬೆಲೆ ತೆರಬೇಕಾಗಬಹುದು. ಊರೆಲ್ಲ ಒಂದೇ ದನಿಯಲ್ಲಿ ವಿರೋಧಿಸುತ್ತಿರುವಾಗ, ‘ಕರಡಿನಲ್ಲಿ ಹಾಗಿಲ್ಲ’ ಎನ್ನುವ ಮಗಳು ಊರಿಗೆ ಎರಡು ಬಗೆದವಳಂತೆ ಕಾಣುತ್ತಾಳೆ. ಆದರೆ ಹಿರಿಯರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸಲ್ಲದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಮುಳುಗಡೆಯಾದ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಸರ್ಕಾರಿ ಕಾಗದದ ಭರವಸೆಯನ್ನು ಮಲೆನಾಡಿನ ಹಿರಿಯರು ನಂಬದಿರುವುದಕ್ಕೆ ಅನುಭವದ ಆಧಾರವಿದೆ. ಕರಡಿನ ಮಾತನ್ನೂ ಅಪ್ಪನ ಅನುಮಾನವನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಬಲ್ಲ ವಿದ್ಯಾರ್ಥಿನಿಯ ತೀರ್ಮಾನ ವರದಿಯ ಪರವಾಗಿರಲಿ, ವಿರೋಧವಾಗಿರಲಿ, ಅದು ಗೌರವಕ್ಕೆ ಅರ್ಹವಾದುದು.

ಆ ತೀರ್ಮಾನ ನೋಟುಪುಸ್ತಕದಲ್ಲೇ ಉಳಿಯಬೇಕಾಗಿಯೂ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಡುವ ಇಂಥ ಕರಡುಗಳಿಗೆ ಆಕ್ಷೇಪಣೆ, ಸಲಹೆ ಸಲ್ಲಿಸಲು ಸಾರ್ವಜನಿಕರಿಗೆ 60 ದಿನಗಳ ಅವಕಾಶವಿರುತ್ತದೆ. ಅಂಚೆಯಲ್ಲೋ ಮಿಂಚಂಚೆಯಲ್ಲೋ ಯಾರೂ ಬರೆಯಬಹುದು. ಆದರೆ ಓದದೆ ಬರೆಯುವುದು ಹೇಗೆ? ಪರಿಸರ ಪರಿಣಾಮ ಅಂದಾಜಿನ 2020ರ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಆದೇಶಿಸಬೇಕಾಯಿತು ಎಂಬುದನ್ನು ಮರೆಯಬಾರದು. ಕಾನೂನು ತಟ್ಟುವುದು ಕನ್ನಡದ ಹಳ್ಳಿಗೆ. ಅದರ ಕರಡು ಕನ್ನಡದಲ್ಲಿ ಕೈಗೆಟುಕದಿದ್ದರೆ ಜನ ಪತ್ರಿಕೆಯ ಅಭಿಪ್ರಾಯವನ್ನೇ ಕಾನೂನೆಂದು ನಂಬುತ್ತಾರೆ.

ಹಾಗಾಗಿ ಅಧ್ಯಾಪಕರು ಮತ್ತು ಪರಿಸರಾಸಕ್ತರು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಮುಂದಿನ ಕರಡು ಬಂದಾಗ ಅದರ ಮುಖ್ಯ ಕಲಂಗಳ ಕನ್ನಡ ರೂಪವನ್ನು ಪ್ರತಿ ಪ್ರೌಢಶಾಲೆಗೂ ಕಾಲೇಜಿಗೂ ತಲುಪಿಸಲಿ. ಜೊತೆಗೆ ಪರವಾದ ಒಂದು ಲೇಖನವನ್ನೂ ವಿರೋಧದ ಒಂದು ಲೇಖನವನ್ನೂ ಇಡಲಿ. ವಿದ್ಯಾರ್ಥಿಗಳು ಓದಿ, ಊರು ಸುತ್ತಿ, ಮನೆಯವರನ್ನು ಕೇಳಿ ಬರೆದುದನ್ನು ಗ್ರಾಮಸಭೆಯಲ್ಲಿ ಓದಿಸಲಿ. ಅರವತ್ತು ದಿನಗಳೊಳಗೆ ದೆಹಲಿಗೂ ಕಳುಹಿಸಲಿ. ಅವರು ಯಾವ ಪಕ್ಷ ವಹಿಸಬೇಕೆಂದು ಮೊದಲೇ ಹೇಳಿಕೊಡುವ ಗೋಜಿಗೆ ಮಾತ್ರ ಯಾರೂ ಹೋಗದಿರಲಿ.