ತಿರುವಿನಲ್ಲಿ ಮಗುಚುವ ಇ-ರಿಕ್ಷಾ: ದೋಷ ಯಾರದು?

ದೆಹಲಿಯ ಮೆಟ್ರೊ ನಿಲ್ದಾಣದಿಂದ ಹೊರಬಂದೊಡನೆ ನಮ್ಮನ್ನು ಮನೆಯ ಬಾಗಿಲಿಗೆ ತಲುಪಿಸುವುದು ಇ-ರಿಕ್ಷಾ. ಸೈಕಲ್ ರಿಕ್ಷಾದ ಉತ್ತರಾಧಿಕಾರಿಯಾದ ಇದು ತುಳಿಯುವವನ ಶ್ರಮವನ್ನು ತಪ್ಪಿಸಿತೆಂಬುದು ಸಂತೋಷದ ಸಂಗತಿ. ಆದರೆ ಅದು ತಿರುವಿನಲ್ಲಿ ಮಗುಚಿತೆಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ದೂರುವುದು ಚಾಲಕನನ್ನು ಮಾತ್ರ. ಕಾರಣ ಅಷ್ಟು ಸರಳವಲ್ಲ.

ಮೂರು ಚಕ್ರಗಳು ನೆಲ ಮುಟ್ಟುವ ಬಿಂದುಗಳನ್ನು ಕೂಡಿಸಿದರೆ ತ್ರಿಕೋನವಾಗುತ್ತದೆ. ಹಿಂದಿನ ಚಕ್ರಗಳ ನಡುವೆ ಒಂದು ಮೀಟರ್ ಅಂತರವಿದೆಯೆನ್ನಿ. ಅಲ್ಲಿ ನಡುಗೆರೆಯಿಂದ ತ್ರಿಕೋನದ ಅಂಚಿಗೆ 50 ಸೆಂಟಿಮೀಟರ್, ವಾಹನದ ಮಧ್ಯದಲ್ಲಿ ಕೇವಲ 25, ಮುಂದಿನ ಚಕ್ರದ ಬಳಿ ಶೂನ್ಯ. ಚಾಲಕನ ಪಕ್ಕದಲ್ಲಿ ಮತ್ತೊಬ್ಬನನ್ನು ಕೂರಿಸಿದಾಗ, ತಿರುಗುತ್ತಲೇ ಬ್ರೇಕ್ ಒತ್ತಿದಾಗ, ಭಾರ ಈ ಕಿರಿದಾದ ಕಡೆಗೇ ಸರಿಯುತ್ತದೆ. ವೇಗ ಇಮ್ಮಡಿಯಾದರೆ ಅದೇ ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ನಾಲ್ಮಡಿಯಾಗುತ್ತದೆ. ನಿಧಾನವಾಗಿ ತುಳಿಯುವ ರಿಕ್ಷಾದಲ್ಲಿ ಮರೆಯಾಗಿದ್ದ ದೋಷ ಮೋಟಾರು ಬಂದೊಡನೆ ಬಯಲಾಯಿತು.

ಇದು ನಮಗಷ್ಟೇ ಬಂದ ತೊಡಕಲ್ಲ. ಕಚ್ಚಾ ನೆಲದ ಮೇಲೆ ಓಡಿಸುವ ಮೂರು ಚಕ್ರದ ಮೋಟಾರು ಬಂಡಿಗಳ ಮಾರಾಟವನ್ನು ಅಮೆರಿಕದಲ್ಲಿ ತಯಾರಕರು 1988ರ ಒಪ್ಪಂದದಂತೆ ನಿಲ್ಲಿಸಬೇಕಾಯಿತು.

ನಮ್ಮಲ್ಲಿ 2014ರ ಜುಲೈನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಇ-ರಿಕ್ಷಾ ಸಂಚಾರವನ್ನು ತಡೆಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ರೂಪಿಸಿತು: ನಾಲ್ವರು ಪ್ರಯಾಣಿಕರು, 40 ಕಿಲೋ ಸಾಮಾನು, ಗಂಟೆಗೆ 25 ಕಿಲೋಮೀಟರ್ ಮಿತಿ. 2015ರಲ್ಲಿ ಕಾಯಿದೆಗೇ ತಿದ್ದುಪಡಿಯಾಯಿತು. ನಿಯಮ ಸರಿಯಾಗಿಯೇ ಇದೆ, ಮುರಿಯುವುದು ಲೆಕ್ಕ.

ಬ್ಯಾಂಕಿನಲ್ಲಿ ಕುಳಿತ ನನಗೆ ಆ ಲೆಕ್ಕ ಪರಿಚಿತ. ಸಾಲದ ಅರ್ಜಿ ಬಂದಾಗ ನಾವು ಬೆಲೆ, ಕಂತು, ವಿಮೆಗಳನ್ನು ನೋಡುತ್ತೇವೆ. ನಾಲ್ವರ ಬಾಡಿಗೆಯಿಂದಲೇ ಕಂತು ತೀರುವುದೇ ಎಂದು ನಾನೂ ಬಹುಕಾಲ ಕೇಳಲಿಲ್ಲ. ತೀರದಿದ್ದರೆ ಐದನೆಯವನು ಹತ್ತಲೇಬೇಕು. ಚಾಲಕ ಅವಸರ ಪಡಲೇಬೇಕು.

ಪರಿಹಾರ ಅಸಾಧ್ಯವೇನಲ್ಲ. ಹಿಂದಿನ ಚಕ್ರಗಳ ಅಂತರ ಹೆಚ್ಚಬೇಕು, ಆಸನ ತಗ್ಗಬೇಕು. ಆಸನದಡಿಯ ಭಾರವಾದ ಸೀಸದ ಬ್ಯಾಟರಿಗಳನ್ನು ತೆಗೆದು ಹಗುರವಾದ ಲಿಥಿಯಂ ಬ್ಯಾಟರಿ ಕೂರಿಸುವಾಗ, ಕೆಳಗಿನ ತೂಕ ಕಡಿಮೆಯಾಗುವುದನ್ನೂ ತಯಾರಕರು ಗಣಿಸಬೇಕು. ಸಾಲದ ಕಂತನ್ನು ನಾಲ್ವರ ಬಾಡಿಗೆಗೆ ಹೊಂದಿಸಬೇಕು.

ನಮ್ಮ ಪಾಲಿನ ಕರ್ತವ್ಯವೂ ಇದೆ. ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ರಿಕ್ಷಾದಲ್ಲಿ ಎಷ್ಟು ಮಂದಿ ಇದ್ದಾರೆಂದು ಎಣಿಸೋಣ. ಐದನೆಯವರಾಗಿ ಹತ್ತದಿರೋಣ. ಹತ್ತು ರೂಪಾಯಿ ಉಳಿಸಲು ತ್ರಿಕೋನದ ಅಂಚಿನಲ್ಲಿ ಕೂರುವುದು ಜಾಣತನವಲ್ಲ.